ಕಿವಿ ಮೇಷ್ಟ್ರು ಕೂರುತ್ತಿದ್ದ ಕೋಣೆ

ಆಸ್ಪತ್ರೆಯ ಮೊದಲ ಮಹಡಿಯಲ್ಲಿ ಎಕ್ಸ್‌ರೇ ವಿಭಾಗ ದಾಟಿ ಎಡಕ್ಕೆ ತಿರುಗಿದರೆ ಕೋಣೆಯೊಳಗೆ ಇನ್ನೊಂದು ಕೋಣೆ ಇದೆ. ಹೊರಗಿನದು ಮಾಮೂಲಿ. ಒಂದು ಮೇಜು, ಮೇಜಿನ ಮೇಲೆ ಒಂದು ಯಂತ್ರ, ದಾಖಲೆ ಪುಸ್ತಕಗಳ ಕಪಾಟು. ಒಳಗಿನದು ಮೂರು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲ. ಅದಕ್ಕೆ ಒಂದರ ಹಿಂದೆ ಒಂದರಂತೆ ಎರಡು ಬಾಗಿಲು, ಎರಡರ ಅಂಚಿಗೂ ದಪ್ಪ ರಬ್ಬರು. ಗೋಡೆ ತುಂಬ ಸಣ್ಣ ತೂತುಗಳ ಹಲಗೆ. ಒಂದು ಕುರ್ಚಿ, ಮೊಳೆಗೆ ನೇತುಹಾಕಿದ ಹೆಡ್‌ಫೋನು, ಹೊರಗಿನ ಮೇಜಿಗೆ ಮುಖ ಕಾಣುವಂತೆ ಒಂದು ಗಾಜಿನ ಕಿಂಡಿ. ಬಾಗಿಲು ಎರಡನ್ನೂ ಮುಚ್ಚಿಕೊಂಡರೆ ಆಸ್ಪತ್ರೆಯೇ ಇಲ್ಲವಾಗುತ್ತದೆ. ಸ್ಟ್ರೆಚರಿನ ಗಾಲಿ, ಕೂಸಿನ ಅಳು, ಟೋಕನ್ ನಂಬರು ಕೂಗುವ ದನಿ, ಯಾವುದೂ ಒಳಗೆ ಬರುವುದಿಲ್ಲ. ಸ್ವಲ್ಪ ಹೊತ್ತು ಕೂತರೆ ನಮ್ಮ ಅಂಗಿಯೇ ಮೈಗೆ ಉಜ್ಜುವುದು ಕೇಳಿಸುತ್ತದೆ. ಇನ್ನೂ ಸ್ವಲ್ಪ ಹೊತ್ತು ಕೂತರೆ ನಮ್ಮ ಎದೆ ಕೇಳಿಸುತ್ತದೆ.

ನನ್ನ ಸೋದರಮಾವ ಮೂವತ್ತೊಂದು ವರ್ಷ ಆ ಗಾಜಿನ ಹೊರಗೆ ಕೂತು ಜನರ ಕಿವಿ ಪರೀಕ್ಷೆ ಮಾಡಿದರು. ಪರೀಕ್ಷೆಗೆ ಬಂದವರು ಒಳಗೆ ಹೆಡ್‌ಫೋನು ಹಾಕಿಕೊಂಡು ಕೂರಬೇಕು. ಮಾವ ಯಂತ್ರದಿಂದ ಒಂದೊಂದೇ ಸ್ವರ ಕಳಿಸುತ್ತಾರೆ, ಮೊದಲು ದಪ್ಪ ಸ್ವರ, ಆಮೇಲೆ ತೆಳು, ಆಮೇಲೆ ಸೂಜಿಯಂಥ ಸ್ವರ. ಪ್ರತಿಯೊಂದನ್ನೂ ತಗ್ಗಿಸುತ್ತ ತಗ್ಗಿಸುತ್ತ ಹೋಗುತ್ತಾರೆ. "ಕೇಳಿದರೆ ಕೈ ಎತ್ತಿ, ನಿಂತರೆ ಇಳಿಸಿ. ಇಲ್ಲದ್ದನ್ನ ಕೇಳಿಸಿಕೋಬೇಡಿ, ನನ್ನನ್ನ ಖುಷಿ ಪಡಿಸೋದೇನೂ ಬೇಡ" ಎಂದು ಮೊದಲೇ ಹೇಳಿಬಿಡುತ್ತಿದ್ದರು. ಮುದುಕರಿಂದ ಹಿಡಿದು ಪೊಲೀಸರವರೆಗೆ ಎಲ್ಲರಿಂದ ಶಾಲೆಯ ಹಾಗೆ ಕೈ ಎತ್ತಿಸುತ್ತಿದ್ದುದರಿಂದ ಆಸ್ಪತ್ರೆಯವರು ಅವರಿಗೆ ಕಿವಿ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಹೊರಬಾಗಿಲ ಮೇಲೆ ಒಂದು ಕೆಂಪು ದೀಪವಿತ್ತು. ಪರೀಕ್ಷೆ ನಡೆಯುವಾಗ ಮಾವ ಅದನ್ನು ಹಾಕುತ್ತಿದ್ದರು. ಅದು ಉರಿಯುವಷ್ಟು ಹೊತ್ತು ಕಾರಿಡಾರಿನಲ್ಲಿ ವಾರ್ಡಿನ ಹೆಂಗಸರೂ ಬಕೆಟ್ಟನ್ನು ಎತ್ತಿಕೊಂಡೇ ಹೋಗುತ್ತಿದ್ದರು.

ಮಾವ ದೇವರನ್ನು ನಂಬುತ್ತಿರಲಿಲ್ಲ. ಯಾರೊಂದಿಗೋ ಜಗಳವಾಡಿ ಬಿಟ್ಟವರಲ್ಲ, ದಪ್ಪ ಪುಸ್ತಕ ಓದಿ ಬಿಟ್ಟವರೂ ಅಲ್ಲ. ಕೆಲವರಿಗೆ ಎಷ್ಟು ಕಲಿಸಿದರೂ ಈಜು ಹತ್ತದ ಹಾಗೆ ಅವರಿಗೆ ಅದು ಹತ್ತಲಿಲ್ಲ, ಅಷ್ಟೇ. ನಂಬುವವರ ಮುಂದೆ ಆ ಮಾತು ಎತ್ತುತ್ತಲೂ ಇರಲಿಲ್ಲ. ಅತ್ತೆ ನಂಬುತ್ತಿದ್ದಳೋ ಇಲ್ಲವೋ ನನಗೆ ಕೊನೆಗೂ ಗೊತ್ತಾಗಲಿಲ್ಲ. ಕೇಳಿದರೆ, "ನಿಮ್ಮ ಮಾವನ ಜೊತೆ ಬಾಳೋಕೆ ಏನಾದರೊಂದು ನಂಬಿಕೆ ಬೇಕೇ ಬೇಕು ಕಣೇ" ಎಂದು ನಗುತ್ತಿದ್ದಳು. ಅವಳು ಮನೆಯಲ್ಲೇ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ನಾನು ಹಳ್ಳಿಯಿಂದ ಡಿಗ್ರಿ ಓದಲು ಬಂದು ಅವರ ಮನೆಯಲ್ಲಿದ್ದ ಎರಡನೆಯ ವರ್ಷ ಅವಳಿಗೆ ಜ್ವರ ಶುರುವಾಯಿತು. ಬಿಟ್ಟು ಬಿಟ್ಟು ಬರುವ ಜ್ವರ. ಜ್ವರದ ಹಿಂದೆ ಏನಿದೆಯೆಂದು ಡಾಕ್ಟರುಗಳು ಕಂಡುಹಿಡಿಯುವ ಹೊತ್ತಿಗೆ ತಡವಾಗಿತ್ತು. ಮೂರು ತಿಂಗಳಲ್ಲಿ ಹೋಗಿಬಿಟ್ಟಳು. ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಒಂದು ಪುಟ್ಟ ಅಂಗಿಯ ತೋಳು ಸಿಕ್ಕಿಕೊಂಡೇ ಇತ್ತು. ಅದನ್ನು ಬಿಡಿಸಲು ನಮ್ಮಿಬ್ಬರಿಗೂ ಕೈ ಬರಲಿಲ್ಲ.

ಅಮ್ಮ ಹಳ್ಳಿಯಿಂದ ಬಂದು ಹದಿನೈದು ದಿನ ಇದ್ದಳು. ಮಾವ ಅಳದೆ ಇರುವುದನ್ನು ಕಂಡು ಅವಳಿಗೆ ದಿಗಿಲು.

"ಅಣ್ಣಾ, ಎಲ್ಲಾದರೂ ಒಂದು ಕಡೆ ಹೋಗಿ ಕೈ ಮುಗಿದು ಬಾ. ಮನಸ್ಸು ಹಗುರಾಗುತ್ತೆ."

"ಎದುರಿಗೆ ಯಾರೂ ಕಾಣದೆ ಕೈ ಮುಗಿದರೆ ನಾಟಕ ಆಗುತ್ತಮ್ಮ. ನಂಬೋರಿಗೂ ಅವಮಾನ, ನನಗೂ ಅವಮಾನ."

"ಹಾಗಾದರೆ ಎಲ್ಲಿ ಹೋಗಿ ಕೂರ್ತೀಯ? ಎಲ್ಲಾ ಒಳಗೇ ತುಂಬಿಕೊಂಡು ಕೊಳೀತೀಯಾ?"

ಆ ಪ್ರಶ್ನೆ ಮಾವನನ್ನು ಬಿಡಲಿಲ್ಲ. ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿ ಎಲ್ಲರಿಗೂ ಸೇರಿದ ಒಂದು ಪ್ರಾರ್ಥನೆ ಕೋಣೆಯಿದೆ. ಒಂದು ದಿನ ಅಲ್ಲಿ ಹೋಗಿ ಕೂತರು. ಪಕ್ಕದಲ್ಲಿ ಒಬ್ಬ ಮುದುಕ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದ. "ಕರೆಯದ ಮನೆಗೆ ಊಟಕ್ಕೆ ಹೋದ ಹಾಗಾಯ್ತು" ಎಂದರು ನನ್ನ ಹತ್ತಿರ. ಪಾರ್ಕಿನ ಬೆಂಚಿನ ಮೇಲೆ ಕೂತರೆ ಯಾರಾದರೂ ಬಂದು ಗಂಟೆ ಕೇಳಿ, ಆಮೇಲೆ ಮಂಡಿ ನೋವಿನ ಕಥೆ ಶುರು ಮಾಡುತ್ತಿದ್ದರು. ಮನೆಯಲ್ಲಿ ಹೊಲಿಗೆ ಯಂತ್ರ. ಹೀಗಿರುವಾಗ ಒಂದು ಮಧ್ಯಾಹ್ನ, ಕೊನೆಯ ರೋಗಿ ಹೋದ ಮೇಲೆ, ಹೆಡ್‌ಫೋನು ಮೊಳೆಗೆ ಹಾಕಲು ಒಳಗೆ ಹೋದವರು ಬಾಗಿಲು ಎಳೆದುಕೊಂಡು ಆ ಕುರ್ಚಿಯಲ್ಲಿ ಕೂತರು. ಮೂವತ್ತು ವರ್ಷದಲ್ಲಿ ಕೆಲಸವಿಲ್ಲದೆ ಅಲ್ಲಿ ಕೂತದ್ದು ಅದೇ ಮೊದಲು. ಕಾಲು ಗಂಟೆ ಬಿಟ್ಟು ಎದ್ದು ಬಂದರು. ಮರುದಿನವೂ ಕೂತರು. ಆಮೇಲೆ ದಿನಾ ಒಂದೂಕಾಲಿಗೆ ಅದೇ ರೂಢಿಯಾಯಿತು. ಕೆಂಪು ದೀಪ ಮಾತ್ರ ಹಾಕುತ್ತಿರಲಿಲ್ಲ. ಅದು ಪರೀಕ್ಷೆಗೆ ಇರುವುದು, ತನಗಲ್ಲ ಎನ್ನುವುದು ಅವರ ಲೆಕ್ಕ.

"ಒಳಗೆ ಕೂತು ಏನು ಮಾಡ್ತೀರಿ ಮಾವ?" ಎಂದು ಒಮ್ಮೆ ಕೇಳಿದೆ.

"ಬೆಳಿಗ್ಗೆಯಿಂದ ಮಾಡಿದ್ದನ್ನ ಒಂದೊಂದಾಗಿ ನೋಡ್ತೀನಿ. ಯಾರಿಗೆ ಗದರಿದೆ, ಯಾರ ಮಾತನ್ನ ಅರ್ಧಕ್ಕೆ ಕತ್ತರಿಸಿದೆ. ಅದು ಮುಗಿದ ಮೇಲೆ ನಿಮ್ಮತ್ತೆ ಬರ್ತಾಳೆ."

"ಬಂದು?"

"ಬಂದು ಏನು, ಕೂರ್ತಾಳೆ. ಇರೋದು ಒಂದೇ ಕುರ್ಚಿ. ಅದಕ್ಕೇ ನಾನು ಎದ್ದು ಬರೋದು."

ಅದನ್ನು ಹೇಳಿ ನಕ್ಕರು. ಅತ್ತೆ ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅಂದೇ. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಕಿವಿ ನೋಡೋ ಡಬ್ಬಿಯೊಳಗಾ?" ಎಂದಳು. ಆಮೇಲೆ, "ಹೋಗಲಿ ಬಿಡು, ಎಲ್ಲೋ ಒಂದು ಕಡೆ ಕೂರ್ತಾನಲ್ಲ" ಎಂದಳು.

ಇನ್ನು ಒಂದು ಚೀಟಿಯ ವಿಷಯ ಹೇಳಬೇಕು. ಎಲ್ಲ ಆದದ್ದು ಅದರಿಂದಲೇ.

ಕಿವಿ ಪರೀಕ್ಷೆ ಮಾಡುವವರು ದಿನಾ ಬೆಳಿಗ್ಗೆ ಮೊದಲ ರೋಗಿಗಿಂತ ಮುಂಚೆ ತಾವೇ ಹೆಡ್‌ಫೋನು ಹಾಕಿಕೊಂಡು ಯಂತ್ರವನ್ನು ಕೇಳಿ ನೋಡುತ್ತಾರೆ. ತಮ್ಮ ಕಿವಿಗೆ ಯಾವ ಸ್ವರ ಎಷ್ಟು ಸಣ್ಣದಾಗುವವರೆಗೆ ಕೇಳಿಸುತ್ತದೆಂಬುದು ಅವರಿಗೆ ಗೊತ್ತಿರುತ್ತದೆ. ಅಷ್ಟಕ್ಕೆ ಕೇಳಿಸಿದರೆ ಯಂತ್ರ ಸರಿಯಿದೆ ಎಂದರ್ಥ. ಅಂದರೆ ಆ ಆಸ್ಪತ್ರೆಯಲ್ಲಿ ಅಳತೆಗೋಲು ಯಂತ್ರವಲ್ಲ, ಮಾವನ ಕಿವಿ. ಅದರ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಅತ್ತೆ ಮಲಗಿದ್ದ ತಿಂಗಳಲ್ಲಿ ಒಂದು ಬೆಳಿಗ್ಗೆ ಆ ಸೂಜಿಯಂಥ ಸ್ವರ ಮೊದಲಿನಷ್ಟಕ್ಕೆ ಕೇಳಿಸಲಿಲ್ಲ. ಗುಂಡಿ ಸ್ವಲ್ಪ ಹೆಚ್ಚಿಗೆ ತಿರುಗಿಸಿದ ಮೇಲೆ ಕೇಳಿಸಿತು. ಗುಂಡಿಯ ಅಂಕಿ ಹೆಚ್ಚಿದಷ್ಟೂ ಸ್ವರ ಜೋರು, ಕೇಳಿಸಲು ಹೆಚ್ಚು ಅಂಕಿ ಬೇಕಾದಷ್ಟೂ ಕಿವಿ ಮಂದ. ಯಂತ್ರ ಹಳೆಯದು, ಸ್ವರ ಬಡವಾಗಿದೆ ಅಂದುಕೊಂಡರು. ರಿಪೇರಿಯವನಿಗೆ ಮೂರು ಕಾಗದ ಬರೆದರು. ಅವನು ಎರಡು ವರ್ಷದಿಂದ ಆ ಕಡೆ ತಲೆ ಹಾಕಿರಲಿಲ್ಲ. ಕೊನೆಗೆ ತಾವೇ ಒಂದು ಚೀಟಿ ಬರೆದು ಮೇಜಿನ ಗಾಜಿನ ಕೆಳಗೆ ತೂರಿಸಿದರು: 'ಮೇಲಿನ ಸ್ವರಗಳಿಗೆ ಐದು ಕಳೆಯುವುದು.' ಯಂತ್ರ ಬಡವಾಗಿದ್ದರೆ ರೋಗಿಯ ಕಿವಿ ಅಂಕಿ ತೋರಿಸುವುದಕ್ಕಿಂತ ಚೆನ್ನಾಗಿದೆ ತಾನೇ? ಆ ಬಡತನವನ್ನು ಕಳೆದು ಬರೆಯುವುದು ನ್ಯಾಯ. ಕೆಲವು ತಿಂಗಳಲ್ಲಿ ಐದು ಹತ್ತಾಯಿತು. ಆಮೇಲೆ ಹದಿನೈದು.

ಚೀಟಿ ಹದಿನೈದಕ್ಕೆ ಬಂದಿದ್ದ ಕಾಲದಲ್ಲಿ ಎರಡು ಜಡೆಯ ಒಬ್ಬ ಹುಡುಗಿ ಬಂದಳು. ಏಳೋ ಎಂಟೋ ವಯಸ್ಸು. ತಾಯಿ ಸೀಸೆ ತೊಳೆಯುವ ಕಾರ್ಖಾನೆಯಲ್ಲಿ ಕೆಲಸದವಳು, ಅರ್ಧ ದಿನದ ರಜೆ ಹಾಕಿ ಬಂದಿದ್ದಳು.

"ಟೀಚರು ಹೇಳೋದೊಂದು, ಇವಳು ಬರೆಯೋದೊಂದು ಸಾರ್. ಕರೆದರೆ ಒಂದೊಂದು ಸಲ ಓಡಿ ಬರ್ತಾಳೆ, ಒಂದೊಂದು ಸಲ ಕಲ್ಲು. ಕಿವಿ ತೋರಿಸಿ ಅಂದ್ರು."

ಹುಡುಗಿ ಒಳಗೆ ಕೂತು ಕೈ ಎತ್ತಿದಳು, ಇಳಿಸಿದಳು. ಸೂಜಿಯಂಥ ಸ್ವರಗಳಿಗೆ ಕೈ ಮೇಲೇರುವುದು ತಡವಾಯಿತು. ಅಂಕಿ ನಲವತ್ತಕ್ಕೆ ನಿಂತಿತು. ಮಾವ ಚೀಟಿ ನೋಡಿ ಹದಿನೈದು ಕಳೆದು ಇಪ್ಪತ್ತೈದು ಬರೆದರು. ಇಪ್ಪತ್ತೈದರವರೆಗೆ ಭಯವಿಲ್ಲ ಎಂದು ಆ ಆಸ್ಪತ್ರೆಯಲ್ಲಿ ವಾಡಿಕೆ.

"ಕಿವಿ ಚೆನ್ನಾಗಿದೆ ತಾಯಿ" ಎಂದರು.

"ಕೇಳಿದೆಯೇನೇ? ಚೆನ್ನಾಗಿದೆಯಂತೆ!" ತಾಯಿ ಮಗಳ ತೋಳು ಹಿಡಿದಳು. "ಇನ್ಮೇಲೆ ಹಾಂ, ಹಾಂ ಅಂತ ನಾಟಕ ಮಾಡು, ಆಗ ನೋಡ್ತೀನಿ ನಿನ್ನ."

ಹುಡುಗಿ ತಾಯಿಯ ತುಟಿ ನೋಡಿದಳು. ಆಮೇಲೆ ಮಾವನ ಮುಖ ನೋಡಿದಳು. ಅಂದು ಮಧ್ಯಾಹ್ನ ಒಳಗೆ ಕೂತಾಗ ಆ ನೋಟ ಅವರಿಗೆ ನೆನಪಾಯಿತಂತೆ. ತಾಯಿಗೆ ಹೆದರಿದ ಮಗು ಅಂದುಕೊಂಡು ಮುಂದಿನದಕ್ಕೆ ಹೋದರು.

ಅದಾಗಿ ಆರೇಳು ತಿಂಗಳಾಗಿರಬೇಕು. ಒಂದು ದಿನ ಅವರ ಆ ಕಾಲು ಗಂಟೆಯೊಳಗೆ ಒಂದು ಸೀಟಿ ಬಂದು ಸೇರಿಕೊಂಡಿತು. ಬಲು ಸಣ್ಣದು, ದೂರದಲ್ಲೆಲ್ಲೋ ಕೆಟಲು ಕುದಿಯುತ್ತಿರುವ ಹಾಗೆ. ಮರುದಿನವೂ ಇತ್ತು. ಕೋಣೆಯಲ್ಲಿ ಎಲ್ಲೋ ಬಿರುಕು ಬಿಟ್ಟಿದೆ, ಗಾಳಿ ನುಗ್ಗುತ್ತಿದೆ ಎಂದು ಮಾವ ಆಸ್ಪತ್ರೆಯ ಬಡಗಿಯನ್ನು ಕರೆಸಿದರು. ಬಡಗಿ ಮಾತಿನ ಮಲ್ಲ. ರಬ್ಬರು ಒತ್ತಿ ನೋಡಿದ, ಹಲಗೆ ತಟ್ಟಿ ನೋಡಿದ, ಬಾಗಿಲು ಮುಚ್ಚಿಕೊಂಡು ಐದು ನಿಮಿಷ ಒಳಗೆ ಕೂತ. ಹೊರಗೆ ಬಂದವನ ಮುಖ ಸಣ್ಣಗಾಗಿತ್ತು.

"ಏನಪ್ಪಾ, ಕೇಳ್ತಾ?"

"ನನ್ನ ಹೊಟ್ಟೆ ಗುರುಗುಡೋದು ಕೇಳ್ತು. ಮೂರು ವರ್ಷದ ಹಿಂದೆ ನಮ್ಮಪ್ಪನಿಗೆ ಅಂದ ಒಂದು ಮಾತು ಕೇಳ್ತು. ಸೀಟಿಗೀಟಿ ಏನೂ ಇಲ್ಲ ಮೇಷ್ಟ್ರೇ. ನೀವು ದಿನಾ ಇದರೊಳಗೆ ಹೆಂಗೆ ಕೂರ್ತೀರೋ! ನನ್ನ ಕೈಲಂತೂ ಆಗಲ್ಲಪ್ಪ."

"ಇನ್ನೊಂದು ಸಲ ಕೇಳು. ಈಗಲೂ ಇದೆ."

ಬಡಗಿ ಮಾವನನ್ನೇ ನೋಡಿದ. "ಈಗ ನಾವು ಹೊರಗೆ ನಿಂತಿದ್ದೀವಿ ಮೇಷ್ಟ್ರೇ" ಎಂದ.

ಆ ವಾರ ನನಗೆ ನೆಗಡಿ ಆಗಿ ಮೈ ಬಿಸಿಯಾಗಿತ್ತು. ಸಂಜೆ ಮಾವ ಅತ್ತೆಯ ಔಷಧಿ ಡಬ್ಬಿಯಿಂದ ಥರ್ಮಾಮೀಟರು ತೆಗೆದು ಕೊಟ್ಟರು.

"ಇದು ಕೂಗಲ್ಲ ಪುಟ್ಟೀ, ಕೆಟ್ಟಿದೆ. ಅಂಕಿ ನಿಂತಿತಾ ಅಂತ ನೋಡ್ಕೊಂಡು ತೆಗೀಬೇಕು."

ಕಂಕುಳಲ್ಲಿ ಇಟ್ಟುಕೊಂಡೆ. ಒಂದು ನಿಮಿಷವಾಯಿತು. ಪೀ ಪೀ ಎಂದಿತು. ತೆಗೆದೆ.

"ಯಾಕೆ ತೆಗೆದೆ?"

"ಕೂಗ್ತಲ್ಲ ಮಾವ."

ಮಾವ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಕಂಕುಳಲ್ಲಿ ಇಟ್ಟುಕೊಂಡರು. ಕಿಟಕಿ ಮುಚ್ಚಿದರು, ಫ್ಯಾನು ನಿಲ್ಲಿಸಿದರು. ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿ, "ಕೂಗಿದರೆ ಕೈ ಎತ್ತು" ಎಂದರು. ನಾನು ಕೈ ಎತ್ತಿದೆ. ಅವರು ಅಡುಗೆಮನೆಗೆ ಕಳಿಸಿದರು. ಅಲ್ಲಿಂದಲೂ ಎತ್ತಿದೆ. ನಾಲ್ಕು ಸಲ ಹೀಗೆ ಆಯಿತು. ನಾಲ್ಕನೆಯ ಸಲ ನಾನು ಕೈ ಎತ್ತಿ ನಿಂತಾಗ ಅವರು ಕುರ್ಚಿಯಲ್ಲಿ ಕೂತುಬಿಟ್ಟರು.

"ಅವಳು ಸರಿಯಾಗೇ ಹೇಳ್ತಿದ್ದಳು" ಎಂದರು.

ಆಮೇಲೆ ಬಿಟ್ಟು ಬಿಟ್ಟು ಹೇಳಿದರು. ಅತ್ತೆಗೆ ಜ್ವರ ನೋಡುವಾಗ ಅವಳು "ಕೂಗ್ತು, ತೆಗೀರಿ" ಅನ್ನುತ್ತಿದ್ದಳಂತೆ. ಇವರು "ಇಲ್ಲ, ಇನ್ನೂ ಕೂಗಿಲ್ಲ" ಅನ್ನುತ್ತಿದ್ದರಂತೆ. ಮೂವತ್ತು ವರ್ಷ ಕಿವಿಯಲ್ಲೇ ಅನ್ನ ದುಡಿದವರು, ಅವರ ಮಾತೇ ಗೆದ್ದಿತು. ಇಲ್ಲದ ಸದ್ದು ಕೇಳಿಸುತ್ತಿದೆ, ಜ್ವರ ತಲೆಗೇರಿದೆ ಎಂದು ಡಾಕ್ಟರಿಗೂ ಹೇಳಿದರು. ಅವಳ ಎದುರಿಗೇ ಹೇಳಿದರು. ಅಂದಿನಿಂದ ಅತ್ತೆ ಕೂಗಿತು ಅನ್ನುವುದನ್ನು ನಿಲ್ಲಿಸಿದಳು. ಅವರಾಗಿ ತೆಗೆಯುವವರೆಗೆ ಸುಮ್ಮನೆ ಸೂರು ನೋಡುತ್ತ ಮಲಗಿರುತ್ತಿದ್ದಳು.

"ತನಗೇ ತಲೆ ಕೆಟ್ಟಿದೆ ಅಂದುಕೊಂಡೇ ಹೋದಳೋ ಏನೋ" ಎಂದರು ಮಾವ. ನಾನು ಹೋಗಿ ಫ್ಯಾನು ಹಾಕಿದೆ.

ಮಾರನೆಯ ಬೆಳಿಗ್ಗೆ ಅವರು ವಾರ್ಡಿನ ಚಿಕ್ಕ ನರ್ಸನ್ನು ಕರೆದು ಹೆಡ್‌ಫೋನು ಕೊಟ್ಟರು. ಇಪ್ಪತ್ತೆರಡು ವರ್ಷದ ಹುಡುಗಿ. ಸೂಜಿಯಂಥ ಸ್ವರವನ್ನು ತಳಮುಟ್ಟ ಇಳಿಸಿದರೂ ಅವಳ ಕೈ ಮೇಲೇ ಇತ್ತು. "ಇದೇನು ಮೇಷ್ಟ್ರೇ, ಚೆನ್ನಾಗಿ ಕೇಳ್ತಿದೆಯಲ್ಲ" ಎಂದಳು. ಯಂತ್ರ ಬಡವಾಗಿರಲಿಲ್ಲ. ಬಡವಾದದ್ದು ಅಳತೆಗೋಲು. ಎರಡೂ ಕಿವಿಯ ಕಡೆ ಒಂದೇ ಪ್ರಮಾಣದಲ್ಲಿ ಸ್ವರ ಕುಗ್ಗುತ್ತ ಹೋದಾಗಲೇ, ಹೆಡ್‌ಫೋನಿನ ಎರಡು ಬದಿಯೂ ಒಟ್ಟಿಗೆ ಹಾಗೆ ಕೆಡುವುದಿಲ್ಲವಲ್ಲ ಎಂದು ಅನುಮಾನ ಬರಬೇಕಿತ್ತು, ಮೊದಲ ವರ್ಷದ ವಿದ್ಯಾರ್ಥಿಗೂ ಬರುತ್ತಿತ್ತು, ನನಗೆ ಬರಲಿಲ್ಲ ಎಂದು ಅವರು ನನಗೆ ಎಷ್ಟು ಸಲ ಹೇಳಿದ್ದಾರೋ. ಇಲ್ಲದ್ದನ್ನು ಕೇಳಿಸಿಕೊಳ್ಳಬೇಡಿ ಎಂದು ಲೋಕಕ್ಕೆಲ್ಲ ಹೇಳಿದವರು, ಇದ್ದದ್ದು ಕೇಳಿಸದಿರುವುದನ್ನು ಒಪ್ಪಿರಲಿಲ್ಲ.

ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡು ದಾಖಲೆ ಪುಸ್ತಕ ತೆಗೆದರು. ಚೀಟಿ ಬರೆದ ದಿನದಿಂದ ಇನ್ನೂರ ಹನ್ನೆರಡು ಜನ. ಕಳೆದದ್ದನ್ನು ಮತ್ತೆ ಕೂಡಿಸಿ ನೋಡಿದಾಗ, ಸರಿಯಿದೆ ಎಂದು ಮನೆಗೆ ಕಳಿಸಿದವರಲ್ಲಿ ಮೂವತ್ತೊಂದು ಜನರ ಕಿವಿ ಸರಿಯಿರಲಿಲ್ಲ. ಅದರಲ್ಲಿ ಒಂದು ಸಾಲು ಎರಡು ಜಡೆಯ ಹುಡುಗಿಯದು. ಸೂಜಿಯಂಥ ಸ್ವರ ಕೇಳಿಸದ ಮಗುವಿಗೆ ಕರೆದದ್ದು ಕೇಳಿಸುತ್ತದೆ, ಮಾತಿನೊಳಗಿನ ತೆಳು ಅಕ್ಷರಗಳು ಕೇಳಿಸುವುದಿಲ್ಲ. ಟೀಚರು ಹೇಳುವುದೊಂದು, ಬರೆಯುವುದೊಂದು ಆಗುವುದು ಹಾಗೆಯೇ.

ಒಂದೂಕಾಲಿಗೆ ಒಳಗೆ ಹೋಗಿ ಕೂತರು. ಸೀಟಿ ಇತ್ತು. ಈಗ ಅದು ಕೋಣೆಯದಲ್ಲ, ತಮ್ಮ ಕಿವಿಯದೇ ಎಂದು ಗೊತ್ತಿತ್ತು. ಅಂದಿನ ಆ ಕಾಲು ಗಂಟೆ ಮುಕ್ಕಾಲು ಗಂಟೆಯಾಯಿತು. ಹೇಳಿಬಿಟ್ಟರೆ ಆ ಕೆಲಸ ಇರುವುದಿಲ್ಲ, ನಿವೃತ್ತಿಗೆ ಇನ್ನೂ ಎರಡು ವರ್ಷ ಬಾಕಿ. ಕೆಲಸ ಹೋದರೆ ಆ ಕೋಣೆಯೂ ಹೋಗುತ್ತದೆ. ಆ ಕೋಣೆ ಹೋದರೆ ಹೆಂಡತಿಯ ಜೊತೆ ಕೂರಲು ಅವರಿಗೆ ಬೇರೆ ಜಾಗ ಗೊತ್ತಿರಲಿಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹುಡುಗಿಯನ್ನು ಏನೋ ನೆಪ ಹೇಳಿ ಕರೆಸಬಹುದು. ಉಳಿದ ಮೂವತ್ತು ಜನ?

"ಯಾರನ್ನಾದರೂ ಕೇಳೋಣ ಅಂದರೆ ಅಲ್ಲಿ ನಾನೊಬ್ಬನೇ ಇದ್ದೆ" ಎಂದು ಆಮೇಲೆ ಹೇಳಿದರು. "ಆವತ್ತು ನಿಮ್ಮತ್ತೆನೂ ಬರಲಿಲ್ಲ."

ಎದ್ದು ದೊಡ್ಡ ಡಾಕ್ಟರ ಕೋಣೆಗೆ ಹೋದರು. ಡಾಕ್ಟರು ಅವರಿಗಿಂತ ಹತ್ತು ವರ್ಷ ಚಿಕ್ಕವರು, ಒಳ್ಳೆಯ ಮನುಷ್ಯ. ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಷ್ಟ್ರೇ, ಚೀಟಿ ತೆಗೆದಿದ್ದೀರಿ ತಾನೇ? ಇವತ್ತಿಂದ ಆ ನರ್ಸ್ ಹುಡುಗಿ ಬೆಳಿಗ್ಗೆ ಕೇಳಿ ನೋಡಲಿ. ನೀವು ಗುಂಡಿ ತಿರುಗಿಸಿ. ಅಲ್ಲಿಗೆ ಮುಗೀತಲ್ಲ? ವಯಸ್ಸಾದ ಮೇಲೆ ಯಾರಿಗೆ ಕಿವಿ ಹೋಗಲ್ಲ?"

"ಆ ಮೂವತ್ತೊಂದು ಜನರಿಗೆ ಏನಂತ ಹೇಳಿ ಕರೆಸೋಣ ಸಾರ್?"

"ಮರುಪರೀಕ್ಷೆ ಅಂತ ಹೇಳಿ. ಎಲ್ಲಾ ವಿವರಿಸಬೇಕಾ?"

"ಅವರು ತಮ್ಮ ಮೇಲೇ ಅನುಮಾನ ಪಟ್ಟುಕೊಂಡು ಕೂತಿರ್ತಾರೆ ಸಾರ್. ತಪ್ಪು ಅವರದಲ್ಲ ಅಂತ ಗೊತ್ತಾಗಬೇಕಲ್ಲ."

ಡಾಕ್ಟರು ಕನ್ನಡಕ ಮತ್ತೆ ಹಾಕಿಕೊಂಡರು. "ಬರೆದು ಕೊಡಿ ಹಾಗಾದರೆ. ಆದರೆ ಬರೆದ ಮೇಲೆ ನಾನು ನಿಮ್ಮನ್ನ ಆ ಮೇಜಿನ ಹಿಂದೆ ಕೂರಿಸೋಕೆ ಆಗಲ್ಲ" ಎಂದರು.

ಮಾವ ಅಲ್ಲೇ ಕೂತು ಬರೆದುಕೊಟ್ಟರು. ಮುಂದಿನ ವಾರ ಅವರನ್ನು ಕೆಳಗಿನ ದಾಖಲೆ ಕಿಟಕಿಗೆ ಹಾಕಿದರು. ಮೂವತ್ತೊಂದು ಕಾಗದಗಳನ್ನೂ ಸ್ವಂತ ಕೈಯಲ್ಲಿ ಬರೆದರು. ನಾನು ಲಕೋಟೆ ಅಂಟಿಸಿದೆ. ಎಲ್ಲದರಲ್ಲೂ ಇದ್ದದ್ದು ಇಷ್ಟು: 'ನಿಮ್ಮ ಪರೀಕ್ಷೆ ತಪ್ಪಾಗಿದೆ. ತಪ್ಪು ನಿಮ್ಮ ಕಿವಿಯದಲ್ಲ, ಯಂತ್ರದ್ದೂ ಅಲ್ಲ, ಪರೀಕ್ಷೆ ಮಾಡಿದ ನನ್ನದು. ದಯವಿಟ್ಟು ಮತ್ತೊಮ್ಮೆ ಬನ್ನಿ.' ಇಪ್ಪತ್ತಾರು ಜನ ಬಂದರು. ಕೆಲವರು ಬೈದರು, ಕೆಲವರು ಏನೂ ಅನ್ನದೆ ಟೋಕನ್ ತೆಗೆದುಕೊಂಡರು. ಕಲ್ಲು ಕೊರೆಯುವ ಕೆಲಸದವನೊಬ್ಬ, "ಪರವಾಗಿಲ್ಲ ಬಿಡಿ ಮೇಷ್ಟ್ರೇ, ಹೆಂಡತಿ ಬೈಗುಳ ಒಂದು ವರ್ಷ ಕಡಿಮೆ ಕೇಳಿಸ್ತು" ಎಂದ. ಆಮೇಲೆ ಪರೀಕ್ಷೆಯ ಕಾಗದವನ್ನು ಮಾತ್ರ ಎರಡು ಸಲ ಓದಿ ಮಡಿಸಿಟ್ಟುಕೊಂಡ.

ಹುಡುಗಿಯ ತಾಯಿ ಬಂದದ್ದು ಮೂರನೆಯ ವಾರ. ಹೊಸದಾಗಿ ಬಂದಿದ್ದ ಪರೀಕ್ಷಕಿ ಹುಡುಗಿಯನ್ನು ಒಳಗೆ ಕೂರಿಸಿದಳು. ಅಂಕಿ ಮತ್ತೆ ನಲವತ್ತಕ್ಕೇ ನಿಂತಿತು. ಈ ಸಲ ಅವಳು ಅದನ್ನು ನಲವತ್ತೆಂದೇ ಬರೆದಳು. ಕೈಯಲ್ಲಿ ಮಾವ ಕಳಿಸಿದ್ದ ಕಾಗದ ಹಿಡಿದು ತಾಯಿ ಕೆಳಗಿನ ಕಿಟಕಿಗೆ ಬಂದಳು.

"ನೀವೇ ಅಲ್ವಾ ಸಾರ್ ಬರೆದಿದ್ದು?"

"ನಾನೇ ತಾಯಿ."

"ಏಳು ತಿಂಗಳು ಹೊಡೆದಿದ್ದೀನಿ ಇವಳನ್ನ. ಕಿವಿ ಸರಿಯಿದ್ದೂ ಬೇಕಂತ ಮಾಡ್ತಾಳೆ ಅಂತ. ಅದನ್ನ ಯಾವ ಕಾಗದ ಬರೆದು ಕಳೀತೀರಿ?"

ಮಾವ ಎದ್ದು ನಿಂತಿದ್ದರು. ಕ್ಷಮಿಸಿ ಎನ್ನಲಿಲ್ಲ. ಆ ಮಾತು ಹೇಳಿದ್ದರೆ ಅವಳು ಪರವಾಗಿಲ್ಲ ಅನ್ನಬೇಕಾಗುತ್ತಿತ್ತು, ಪರವಾಗಿಲ್ಲ ಅನ್ನುವಂಥದ್ದಲ್ಲವಲ್ಲ ಅದು ಎಂದು ಆಮೇಲೆ ನನಗೆ ಹೇಳಿದರು. ತಾಯಿ ಮಗಳ ಕೈ ಹಿಡಿದು ಹೊರಟುಹೋದಳು. ಹುಡುಗಿ ತಿರುಗಿ ನೋಡುತ್ತ ಹೋದಳು.

ಹೊಸ ಪರೀಕ್ಷಕಿ ಒಳ್ಳೆಯವಳು. "ನೀವು ಯಾವಾಗ ಬೇಕಾದರೂ ಬಂದು ಕೂತ್ಕೊಳ್ಳಿ ಮೇಷ್ಟ್ರೇ, ಕೋಣೆ ಎಲ್ಲಿಗೂ ಹೋಗಲ್ಲ" ಎಂದಿದ್ದಳು. ಮಾವ ಒಂದು ಸಲ ಹೋಗಿ ಕೂತರು. ಬೇರೆ ಯಾವ ಸದ್ದೂ ಇಲ್ಲದ ಆ ಕೋಣೆಯಲ್ಲಿ ಸೀಟಿಯೊಂದೇ ತುಂಬಿಕೊಂಡಿತು. ಎರಡೇ ನಿಮಿಷಕ್ಕೆ ಎದ್ದರು. ಇಡೀ ಆಸ್ಪತ್ರೆಯಲ್ಲಿ ಅವರ ಪಾಲಿಗೆ ಎಲ್ಲಕ್ಕಿಂತ ಗಲಾಟೆಯ ಜಾಗ ಅದೇ ಆಗಿಬಿಟ್ಟಿತ್ತು. ಹೊರಗೆ ಬಂದು ಕಾರಿಡಾರಿನಲ್ಲಿ ರೋಗಿಗಳು ಕಾಯುವ ಬೆಂಚಿನ ಮೇಲೆ ಸುಧಾರಿಸಿಕೊಳ್ಳಲು ಕೂತರು. ಚಪ್ಪಲಿಗಳ ಸದ್ದು, ಕುಡಿಯುವ ನೀರಿನ ನಲ್ಲಿ, ಯಾರದೋ ಕೆಮ್ಮು. ಅದರೊಳಗೆ ಸೀಟಿ ಮುಳುಗಿತು. ಆ ಕಾಲು ಗಂಟೆ ಅಲ್ಲೇ ಕಳೆಯಿತು. ಮರುದಿನ ಒಂದೂಕಾಲಿಗೆ ಮತ್ತೆ ಅದೇ ಬೆಂಚಿಗೆ ಹೋದರು.

"ಅಷ್ಟು ಜನರ ನಡುವೆ ಅತ್ತೆ ಬರ್ತಾಳಾ ಮಾವ?" ಎಂದೆ.

"ಯಾಕೆ ಬರಲ್ಲ. ಬೆಂಚು ಉದ್ದ ಇದೆಯಲ್ಲ, ನಾನು ಏಳಬೇಕಾಗೂ ಇಲ್ಲ" ಎಂದರು. ಸ್ವಲ್ಪ ಬಿಟ್ಟು, "ಈಗ ಅವಳು ಏನಾದರೂ ಹೇಳಿದರೆ ಇಲ್ಲ ಅನ್ನಲ್ಲ ನಾನು" ಎಂದರು.

ಕೊನೆಯದನ್ನು ನಾನು ಕಣ್ಣಾರೆ ಕಂಡೆ. ಪರೀಕ್ಷೆ ಮುಗಿಸಿ ರಜೆಯಲ್ಲಿದ್ದೆ. ಮಾವ ಊಟದ ಡಬ್ಬಿ ಮರೆತು ಹೋಗಿದ್ದರೆಂದು ತೆಗೆದುಕೊಂಡು ಹೋಗಿದ್ದೆ. ಅವರು ಬೆಂಚಿನ ಮೇಲಿದ್ದರು. ಕೋಣೆಯ ಬಾಗಿಲು ತೆರೆದು ಹುಡುಗಿ ಮತ್ತು ತಾಯಿ ಹೊರಬಂದರು. ಹುಡುಗಿಯ ಎರಡೂ ಕಿವಿಯ ಹಿಂದೆ ಪುಟ್ಟ ಯಂತ್ರ. ಅವಳು ನಡೆಯುವಾಗ ತನ್ನ ಚಪ್ಪಲಿಯನ್ನೇ ನೋಡುತ್ತ, ಬೇಕಂತಲೇ ನೆಲಕ್ಕೆ ಎಳೆಯುತ್ತಿದ್ದಳು. ತಾಯಿಯ ಕಣ್ಣು ಕೆಂಪಗಿತ್ತು. ಮಾವನನ್ನು ಕಂಡು ನಿಂತಳು.

"ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ ನಂಗೆ" ಎಂದಳು.

"ಹೋಗಬೇಕಾಗಿಲ್ಲ ತಾಯಿ."

"ನಂಗೆ ಒಂದು ಐದು ನಿಮಿಷ ಎಲ್ಲಾದರೂ ಕೂರಬೇಕು. ಇವಳ ಎದುರಿಗೆ ಬೇಡ."

"ಕೆಳಗೆ ಪ್ರಾರ್ಥನೆ ಕೋಣೆ ಇದೆ. ನಾನು ತೋರಿಸ್ತೀನಿ."

ಅವಳು ತಲೆ ಅಲ್ಲಾಡಿಸಿದಳು. "ಅಲ್ಲಿ ಹೋಗಿ ಏನು ಮಾಡಲಿ ಸಾರ್? ನಂಗೆ ಅದೆಲ್ಲ ಬರಲ್ಲ."

ಮಾವ ಎದ್ದರು. ಹೊಸ ಪರೀಕ್ಷಕಿಯ ಕಡೆ ನೋಡಿದರು. ಅವಳು ಊಟಕ್ಕೆ ಹೊರಟಿದ್ದಳು, ಆಗಲಿ ಎಂಬಂತೆ ಕೈ ಮಾಡಿದಳು. ಮಾವ ಆ ಎರಡು ಬಾಗಿಲನ್ನೂ ತೆರೆದು ಹಿಡಿದರು. "ಒಳಗೆ ಕೂತ್ಕೊಳ್ಳಿ. ಹೊರಗಿನದು ಏನೂ ಒಳಗೆ ಬರಲ್ಲ, ಒಳಗಿನದು ಹೊರಗೆ ಕೇಳಲ್ಲ. ಯಾರೂ ಏನೂ ಕೇಳಲ್ಲ" ಎಂದರು. ಅವಳು ಹೋಗಿ ಕೂತಳು. ಅವರು ಒಂದರ ಹಿಂದೆ ಒಂದರಂತೆ ಬಾಗಿಲು ಮುಚ್ಚಿದರು. ಗಾಜಿನ ಕಿಂಡಿಯ ಪರದೆ ಎಳೆದರು. ಆಮೇಲೆ ಗೋಡೆಯ ಮೇಲಿನ ಗುಂಡಿ ಒತ್ತಿ ಕೆಂಪು ದೀಪ ಹಾಕಿದರು.

ಕಾರಿಡಾರಿನ ಆ ತುದಿಯಿಂದ ಬಕೆಟ್ಟು ಎಳೆದುಕೊಂಡು ಬರುತ್ತಿದ್ದ ಹೆಂಗಸು ದೀಪ ನೋಡಿ ಅದನ್ನು ಎತ್ತಿಕೊಂಡಳು.

ಮಾವ ಬಂದು ಬೆಂಚಿನ ಮೇಲೆ ಹುಡುಗಿಯ ಪಕ್ಕ ಕೂತರು.

"ಅಮ್ಮ ಒಳಗೆ ಏನು ಮಾಡ್ತಿದ್ದಾಳೆ?" ಎಂದಳು ಅವಳು.

ಮಾವ ಕಿವಿ ಬಗ್ಗಿಸಿ, "ಏನಂದೆ?" ಎಂದರು.

ಹುಡುಗಿ ಕೆಂಪು ದೀಪ ನೋಡಿದಳು, ಅವರ ತೋಳು ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಆಮೇಲೆ ತುಟಿ ಚೆನ್ನಾಗಿ ಕಾಣುವಂತೆ, ನಿಧಾನವಾಗಿ, ಇನ್ನೊಂದು ಸಲ ಕೇಳಿದಳು.